ಬಾಗಿಲಲ್ಲಿ ನಿಂತು ಕಾಯುತ್ತಿದ್ದ ಬ್ಯಾಟರಿ ಕಾಕಾ

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹತ್ತೂ ಬೆರಳು ನೀರಲ್ಲಿ ಉರುಳಿದ ಬೆಣಚುಕಲ್ಲಿನ ಹಾಗೆ ನುಣ್ಣಗಿದ್ದವು. ಎಷ್ಟೋ ವರ್ಷ ಬ್ಯಾಟರಿಯ ಆಸಿಡ್ಡಿನಲ್ಲಿ ಆಡಿದ ಕೈಗಳು. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಪ್ರತಿ ಸಲ ಕೀಂ ಎಂದು ಕೂಗಿ ಕೆಂಪು ದೀಪ ತೋರಿಸುತ್ತಿತ್ತಂತೆ. “ಆ ಮಷೀನಿನ ಪ್ರಕಾರ ನಾ ಹುಟ್ಟೇ ಇಲ್ರಿ ಬಾಯಾರ,” ಎಂದು ನಗುತ್ತಿದ್ದರು. “ಆದ್ರ ಹೊತ್ತಿಗೆ ಸರಿಯಾಗಿ ಹಸಿವಾಗ್ತದ, ಅದ ತ್ರಾಸು.” ಒಮ್ಮೆ ಅವರು ಕೈಗಿತ್ತ ಚಹದ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ್ದೆ. ನನ್ನ ಬೆರಳಿನ ಗುರುತು ಇತ್ತು, ಅವರದಿರಲಿಲ್ಲ. ಯಾರೂ ಹಿಡಿಯದೆ ತಾನೇ ನನ್ನ ಕೈಗೆ ಬಂದ ಲೋಟದಂತಿತ್ತು ಅದು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಪಾಠ ಹೇಳುವವಳೆಂದು ಅವರು ನನ್ನನ್ನು ಬಾಯಾರ ಎನ್ನುತ್ತಿದ್ದರು. ಕಲಬುರಗಿಯಲ್ಲಿ ಸೇಡಂ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ ಅವರ ಬ್ಯಾಟರಿ ಅಂಗಡಿ, ಮನೆ ಕಮಲಾಪುರದಲ್ಲಿ. ನನ್ನದು ಅದರ ತಿರುವುಮುರುವು. ಮನೆ ಕಲಬುರಗಿ, ಕೆಲಸ ಕಮಲಾಪುರದ ಕಾಲೇಜಿನಲ್ಲಿ. ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳುತ್ತೇನೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನಡೆದದ್ದು ಏನೂ ತಿಳಿಯದ ಒಬ್ಬಳ ಕೈಯಿಂದ ನಡೆದದ್ದಲ್ಲ.

ಒಂದು ಡಿಸೆಂಬರಿನಲ್ಲಿ ಕಾಲೇಜಿನ ಮುಂದೆ ನನ್ನ ಹಳೆಯ ಕಾರು ಕಟ್ ಕಟ್ ಎಂದು ಸುಮ್ಮನಾಯಿತು. ಅವತ್ತು ಅಮಾವಾಸ್ಯೆ, ಮಿಸ್ತ್ರಿಗಳೆಲ್ಲ ಅಂಗಡಿ ಮುಚ್ಚುವ ದಿನ. ಹಾಗಾಗಿ ಕಾಕಾ ಊರಲ್ಲೇ ಇದ್ದರು. ಕಾಲೇಜಿನ ಜವಾನ ಹೋಗಿ ಕರೆತಂದ. ಬಂದವರು ಮೊದಲು ಬಾನೆಟ್ಟು ತೆಗೆಯಲಿಲ್ಲ. ಒಳಗೆ ಕೂತು, ನಾಲ್ಕೂ ಬಾಗಿಲು ಮುಚ್ಚಿಕೊಂಡು, ಕಣ್ಣು ಮುಚ್ಚಿ ಸುಮ್ಮನಿದ್ದರು. ಆಮೇಲೆ ಇಳಿದು, ಬಾನೆಟ್ಟು ಎತ್ತಿ, ಬ್ಯಾಟರಿಯ ಪಕ್ಕಕ್ಕೆ ಎಡಗಿವಿ ಹಿಡಿದು, ಚಾವಿ ತಿರುವಲು ಹೇಳಿದರು. ಕಾಯಿಲೆಯವರ ಎದೆಗೆ ಕಿವಿ ಹಚ್ಚುವ ವೈದ್ಯರ ಹಾಗೆ.

“ಇದು ಇವತ್ತು ಸತ್ತಿಲ್ರಿ,” ಎಂದರು. “ಏಪ್ರಿಲ್‌ದಾಗ ಸತ್ತದ, ನಮ್ಮ ಬಿಸಲಾಗ. ಥಂಡ್ಯಾಗ ಹೆಣ ಸಿಕ್ಕದ ಅಷ್ಟ.”

ನಾನು ನಕ್ಕೆ. ಅವರು ನಗಲಿಲ್ಲ. ಎಂಟು ತಿಂಗಳು ಒಂದು ಹೆಣವನ್ನು ಮುಂದಿಟ್ಟುಕೊಂಡು ಓಡಾಡಿದ್ದೇನೆಂಬ ವಿಚಾರ ಮನೆ ಮುಟ್ಟುವ ತನಕ ನನ್ನ ಜೊತೆ ಬಂತು.

ಹೊಸ ಬ್ಯಾಟರಿ ಅವರ ಹತ್ತಿರವೇ ತೊಗೊಂಡೆ. ಅಲ್ಲಿಂದ ತಿಂಗಳಿಗೊಮ್ಮೆ, ಕಾಲೇಜಿನಿಂದ ಬರುತ್ತ ಅಂಗಡಿಯ ಮುಂದೆ ಕಾರು ನಿಲ್ಲಿಸುವುದು ರೂಢಿಯಾಯಿತು. ಅವರು ಹಸಿ ಬಟ್ಟೆಯಿಂದ ಬ್ಯಾಟರಿಯ ಮೈ ಒರೆಸುತ್ತಿದ್ದರು, ತುದಿಗಳಿಗೆ ಕಟ್ಟಿದ ಬಿಳಿ ಪುಡಿಯನ್ನು ಸೋಡಾ ನೀರಲ್ಲಿ ತೊಳೆಯುತ್ತಿದ್ದರು, ಅಲುಗಾಡದ ಹಾಗೆ ಪಟ್ಟಿ ಬಿಗಿಯುತ್ತಿದ್ದರು. ಬಾಯಿ ಮಾತ್ರ ನನಗೆ ಪಾಠ ಹೇಳುತ್ತಿತ್ತು.

“ಗಾಡಿ ಬಂದ್ ಮಾಡೂಕಿಂತ ಮೊದಲ ಎ.ಸಿ., ಹಾಡು, ಲೈಟು ಎಲ್ಲಾ ಬಂದ್ ಮಾಡ್ರಿ. ಕೂಸುಗಳನ್ನ ಮಲಗಿಸಿ ಆಮ್ಯಾಲ ತಾಯಿ ಮಲಗಬೇಕು. ಮುಂಜಾನಿ ತಾಯಿ ಮೊದಲ ಏಳಬೇಕು. ತಿಳೀತಾ?”

“ತಿಳೀತು ಕಾಕಾ.”

“ಏನ ತಿಳೀತು? ಈಗ ಬಂದ್ರಲ್ಲ, ಎ.ಸಿ. ಬಂದ್ ಮಾಡದನ ಚಾವಿ ತಗದ್ರಿ. ನಾ ಇಲ್ಲಿಂದ ಕೇಳಸ್ಕೊಂಡೀನಿ.”

ಗಾಡಿಯನ್ನು ವಾರಕ್ಕೊಮ್ಮೆಯಾದರೂ ಅರ್ಧ ತಾಸು ಓಡಿಸಬೇಕು. ಬರೀ ಗಲ್ಲಿ ತಿರುಗಿಸಿ ತಂದು ನಿಲ್ಲಿಸಿದರೆ ಅದು ಉಂಡದ್ದಕ್ಕಿಂತ ಹೆಚ್ಚು ಖರ್ಚು ಮಾಡಿರುತ್ತದೆ. ಬಿಸಿಲಲ್ಲಿ ನಿಲ್ಲಿಸಬಾರದು, ಬೇವಿನ ಗಿಡ ಕಂಡಲ್ಲಿ ನಿಲ್ಲಿಸಬೇಕು. ಬಿಚ್ಚುವಾಗ ಕರೀ ವಾಯರು ಮೊದಲು, ಕಟ್ಟುವಾಗ ಕರೀದು ಕಡೆಗೆ. ಒಮ್ಮೆ ಬ್ಯಾಟರಿಯಲ್ಲಿ ನೀರು ಕಡಿಮೆಯಾಯಿತೆಂದು ನಾನು ಮನೆಯ ನಳದ ನೀರು ಹಾಕಿದ್ದೆ. ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದ ಕಾಕಾ ಹಣೆ ಹಣೆ ಬಡಿದುಕೊಂಡರು. “ನಮ್ಮೂರ ನೀರಿನ್ಯಾಗ ನೆಲಕ್ಕ ಹಾಸೂ ಫರಸಿ ಕಲ್ಲು ಕರಗಿರ್ತದ. ನಾವು ಕುಡದು ಗಟ್ಟಿ ಆಗೀವಿ. ಇದು ಪಾಪದ್ದು. ಮೆಡಿಕಲ್ ಅಂಗಡ್ಯಾಗ ಡಿಸ್ಟಿಲ್ ವಾಟರ್ ಸಿಗ್ತದಲ್ರಿ. ಕಾಲೇಜಿನ್ಯಾಗ ಏನ ಕಲಸ್ತೀರಿ ನೀವು?”

ಗಲ್ಲಿಯವರಿಗೆ ಇದೆಲ್ಲ ತಮಾಷೆ. ಆದರೆ ಅವರ ಒಳಕೋಣೆ ಯಾರಿಗೂ ತಮಾಷೆಯಾಗಿರಲಿಲ್ಲ.

ಅಂಗಡಿಯ ಹಿಂದೆ ಚಾರ್ಜಿಂಗ್ ಕೋಣೆ. ಕಿಟಕಿಗೆ ಕದ ಇಲ್ಲ, ಬರೀ ಸರಳು. ಒಳಗೆ ದೀಪದ ಬಟನ್ನೂ ಇಲ್ಲ, ಎಲ್ಲ ಹೊರಗಿನ ಗೋಡೆಯ ಮೇಲೆ. ಸಾಲಾಗಿಟ್ಟ ಬ್ಯಾಟರಿಗಳು ಮುಚ್ಚಳ ಬಿಚ್ಚಿಕೊಂಡು ಕುದಿಯುತ್ತಿದ್ದವು. ಒಲೆ ಇಲ್ಲ, ಬೆಂಕಿ ಇಲ್ಲ, ಆದರೂ ಅನ್ನ ಬೇಯುವ ಸದ್ದು. ಇನ್ನಷ್ಟು ಹೊತ್ತು ಕೇಳಿದರೆ ಅದು ಪಕ್ಕದ ಕೋಣೆಯಲ್ಲಿ ಹತ್ತಾರು ಜನ ಪಿಸುಗುಡುವ ಸದ್ದಾಗುತ್ತಿತ್ತು. ಕಾಕಾ ಎಂದೂ ನೇರ ಒಳಗೆ ಹೋದವರಲ್ಲ. ಬೀಡಿ ಸೇದುವ ಗಿರಾಕಿಯನ್ನು ಗಲ್ಲಿಯ ಆಚೆ ಕಳಿಸಿ, ಫೋನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಚಾರ್ಜರಿನ ಬಟನ್ ಆರಿಸಿ, ಬಾಗಿಲು ಪೂರಾ ತೆರೆದು, ಹೊಸ್ತಿಲ ಬದಿಗೆ ಸರಿದು ನಿಲ್ಲುತ್ತಿದ್ದರು. ಒಳಗಿಂದ ಹಿರಿಯರು ಯಾರೋ ಹೊರಬರುವವರಿದ್ದಾರೆ, ದಾರಿ ಬಿಡಬೇಕು ಎಂಬಂತೆ. ಮೂರು ನಿಮಿಷ, ನಾಲ್ಕು ನಿಮಿಷ. ಆಮೇಲೆ, ಮೈಯಲ್ಲಿ ಕೂತ ಕರೆಂಟು ಇಳಿಯಲೆಂದು, ಗಾಡಿಯ ಕಬ್ಬಿಣಕ್ಕೋ ಬಾಗಿಲ ಸರಳಿಗೋ ಕೈ ಮುಟ್ಟಿಸಿ ಒಳಗೆ ಕಾಲಿಡುತ್ತಿದ್ದರು.

ಎದುರಿನ ಚಹದಂಗಡಿಯವ ಕೂಗುತ್ತಿದ್ದ: “ಕಾಕಾ, ಒಳಗ ಹೆಣ್ಮಕ್ಕಳು ಸೀರಿ ಉಡಾಕತ್ತಾರೇನು? ಅಷ್ಟ್ಯಾಕ ಮರ್ಯಾದಿ?”

“ನಿನ್ನ ಚಹಾ ಕುಡದು ಸತ್ತವರೆಲ್ಲ ಅದಾರ. ನಿನ್ನ ಹೆಸರು ಕೇಳಾಕತ್ತಾರ,” ಎನ್ನುತ್ತಿದ್ದರು ಕಾಕಾ.

ನಾನು ಕೇಳಿದ್ದಕ್ಕೆ ಮಾತ್ರ ಬೇರೆ ಉತ್ತರ ಕೊಟ್ಟಿದ್ದರು. “ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ, ತೂಕ ಇಲ್ಲ. ಬಂದು ಮಗ್ಗಲದಾಗ ನಿಂತ್ರೂ ಗೊತ್ತಾಗಂಗಿಲ್ಲ. ಅದು ಹೋಗೇದೋ ಇಲ್ಲೋ ನೋಡಾಕ ಆಗೂದಿಲ್ಲಲ್ರಿ, ಅದಕ್ಕ ಹೋಗಿರಬೇಕು ಅನ್ನೂತನಕ ಕಾಯೂದು.” ಅದು ಹೈಡ್ರೋಜನ್, ಒಂದು ಕಿಡಿ ತಗುಲಿದರೆ ಸಿಡಿಯುವಂಥದ್ದು ಎಂದು ನನಗೆ ಗೊತ್ತಿತ್ತು. ಕಪ್ಪು ಹಲಗೆಯ ಮೇಲೆ ನೂರು ಸಲ ಬರೆದಿದ್ದೇನೆ. ಆದರೆ ಅವರು ‘ಅದು’ ಎಂದಾಗ ನನ್ನ ಕುತ್ತಿಗೆಯ ಹಿಂದೆ ಯಾರೋ ಉಸಿರು ಬಿಟ್ಟಂತಾಗಿ ತಿರುಗಿ ನೋಡಿದ್ದೆ.

ಒಂದು ವರ್ಷದ ದಸರಾ ರಜೆ. ಹತ್ತು ದಿನ ಕಾರು ಮುಟ್ಟಿರಲಿಲ್ಲ. ನಮ್ಮ ಮನೆಯ ಮಗ್ಗುಲಿಗೆ ತಗಡಿನ ಶೆಡ್ಡು, ಮುಂದೆ ಶೆಟರು, ಮನೆಯೊಳಗಿಂದ ಒಂದು ಸಣ್ಣ ಬಾಗಿಲು. ಖಂಡೇನವಮಿಯ ಹಿಂದಿನ ಸಂಜೆ ಚಾವಿ ತಿರುವಿದರೆ ಸದ್ದೇ ಇಲ್ಲ. ಮರುದಿನ ಗಾಡಿ ಪೂಜೆ. ಪೂಜೆಗೆ ನಿಂತ ಗಾಡಿ ಚಾಲೂ ಆಗದಿದ್ದರೆ ಅವ್ವ ವರ್ಷವಿಡೀ ಅದನ್ನೇ ಹಿಡಿದು ಕೂರುವವಳು. ಕಾಕಾನಿಗೆ ಹೇಳಿದರೆ ವಾರಕ್ಕೊಮ್ಮೆ ಓಡಿಸಲಿಲ್ಲವೆಂದು ಬೈಸಿಕೊಳ್ಳಬೇಕು. ನಾಚಿಕೆಯಾಗಿ ಪಕ್ಕದ ಮನೆಯವರ ಚಾರ್ಜರು ಕೇಳಿ ತಂದೆ. ಮನೆ ಮುಂದಿನ ಕಟ್ಟೆಯ ಮೇಲಿನ ಪ್ಲಗ್ಗಿನಿಂದ ವಾಯರು ಎಳೆದು, ಬಾನೆಟ್ಟು ಎತ್ತಿ ಕ್ಲಿಪ್ಪು ಹಾಕಿದೆ. ಜಲ್ದಿ ಆಗಲೆಂದು ಅದರ ಕರೆಂಟಿನ ತಿರುಪನ್ನು ಎಲ್ಲಕ್ಕಿಂತ ಹೆಚ್ಚಿಗೆ ತಿರುವಿದೆ. ಮಳೆ ಬರುವ ಹಾಗಿತ್ತು, ಶೆಟರು ಎಳೆದೆ.

ಬೆಳಿಗ್ಗೆ ಒಳಬಾಗಿಲು ತೆರೆದಾಗ ಶೆಡ್ಡಿನಲ್ಲಿ ಯಾರೋ ಇದ್ದಾರೆ ಅನ್ನಿಸಿತು. ಕತ್ತಲೆಯಲ್ಲಿ ಕಾರಿನ ಒಳದೀಪ ಮಂಕಾಗಿ ಉರಿಯುತ್ತಿತ್ತು, ಹಿಂದಿನ ದಿನ ನಾನು ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಎತ್ತಿದ ಬಾನೆಟ್ಟಿನ ಕೆಳಗಿಂದ ಪಿಸುಮಾತು. ಕಾಕಾನ ಒಳಕೋಣೆಯದೇ ಸದ್ದು, ಆದರೆ ಇನ್ನೂ ಅವಸರದ್ದು. ಹದ ಮೀರಿ ಕಾದ ಆಸಿಡ್ಡಿನ, ಕೊಳೆತ ಮೊಟ್ಟೆಯಂಥ ನಾತ ಬರುತ್ತಿತ್ತು. ದೂರದಿಂದಲೇ ನೋಡಿದೆ, ಬ್ಯಾಟರಿಯ ಪಕ್ಕೆಗಳು ಉಬ್ಬಿದ್ದವು. ಹಿಂದೆ ಸರಿದು, ಬಾಗಿಲು ಹಾಕಿಕೊಂಡು ಕಾಕಾನಿಗೆ ಫೋನು ಮಾಡಿದೆ. ಅವರು ಪೂಜೆಗೆಂದು ಅಂಗಡಿಗೆ ಬಂದಿದ್ದರು.

“ಶೆಟರು ತೆರದದೇನ್ರಿ?”

“ಇಲ್ಲ ಕಾಕಾ, ಮಳಿ ಅಂತ…”

ಆ ಕಡೆ ಅವರು ಆಟೋ ಕೂಗಿದ್ದು ಕೇಳಿಸಿತು. ಆಮೇಲೆ ಬಹಳ ಮೆಲ್ಲಗೆ: “ಒಳಗ ಯಾರೂ ಹೋಗಬ್ಯಾಡ್ರಿ. ಲೈಟಿನ ಬಟನ್ ಸೈತ ಒತ್ತಬ್ಯಾಡ್ರಿ. ಬರಾಕತ್ತೀನಿ.”

ನಾನು ಕಾಂಪೌಂಡಿನ ಗೇಟಿಗೆ ಹೋಗಿ ನಿಂತೆ. ಅವ್ವನಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವಳು ಸ್ನಾನದ ಮನೆಯಲ್ಲಿದ್ದಳು, ಅಷ್ಟೇ ನನ್ನ ತಲೆಯಲ್ಲಿತ್ತು.

ಕಾಕಾ ಆಟೋದಿಂದ ಇಳಿದವರೇ ಶೆಟರು ಎತ್ತಿದರು. ನಿಧಾನ, ಸದ್ದಾಗದ ಹಾಗೆ. ಬೆಳಕು ಮೊಳಕಾಲಿನ ಎತ್ತರಕ್ಕೆ ಬಂದಾಗ ಒಳಗೆ ಎರಡು ಪಾದಗಳು ಕಂಡವು. ಹಸಿ ಪಾದಗಳು, ರೇಷ್ಮೆ ಸೀರೆಯ ಅಂಚು. ಅವ್ವ ಮನೆಯೊಳಗಿನ ಬಾಗಿಲಿಂದ ಬಂದು ಬಾನೆಟ್ಟಿನ ಮುಂದೆ ನಿಂತಿದ್ದಳು. ಎಂಜಿನ್ನಿಗೆ ಅರಿಷಿಣ ಕುಂಕುಮ ಹಚ್ಚಿ ಆಗಿತ್ತು. ಎಡಗೈಯಲ್ಲಿ ಆರತಿ ತಟ್ಟೆ, ಬಲಗೈಯಲ್ಲಿ ಆಗಷ್ಟೇ ಗೀರಿದ ಕಡ್ಡಿ. ಕಡ್ಡಿಯಿಂದ ಕರ್ಪೂರ ಹತ್ತಿತು. ನಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುವುದು. ಗಾಡಿಯ ಹೊಟ್ಟೆ ತೆರೆದಿಟ್ಟು, ಅದರ ಜೀವವಿರುವಲ್ಲಿಗೇ ಆರತಿ.

ನಾನು ಕಿರುಚಲು ಬಾಯಿ ತೆರೆದೆ. ಕಾಕಾ ನನ್ನ ಮುಖದ ಮುಂದೆ ಅಂಗೈ ಹಿಡಿದರು. ಬೆಚ್ಚಿಬಿದ್ದರೆ ಅವ್ವ ತಟ್ಟೆಯನ್ನು ಬ್ಯಾಟರಿಯ ಮೇಲೇ ಬೀಳಿಸುತ್ತಿದ್ದಳು. ಅದು ಆಗ ನನಗೆ ತಿಳಿಯಲಿಲ್ಲ, ಅವರಿಗೆ ತಿಳಿದಿತ್ತು.

“ಅವ್ವಾರ,” ಎಂದರು, ಮನೆಗೆ ಬಂದ ಬೀಗರ ಹಾಗೆ. “ಆರತಿ ಮೊದಲ ನನಗ ಕೊಡ್ರಿ. ಹಾಂ, ಹಂಗ… ತಳಗ ಇಡಬ್ಯಾಡ್ರಿ. ನನ್ನ ಕಡೆ ಹಿಡೀರಿ.”

“ಬಂದ್ಯೇನಪಾ? ಬಾ. ಮಂಗಳಾರತಿ ಟೈಮಿಗೇ ಬಂದಿ ನೋಡು,” ಎಂದಳು ಅವ್ವ ನಗುತ್ತ. ತಟ್ಟೆ ಅವರ ಕಡೆ ತಿರುಗಿತು. ಕಾಕಾ ನಾಲ್ಕು ಹೆಜ್ಜೆ ಹೋಗಿ ಉರಿಯುವ ಕರ್ಪೂರದ ಮೇಲೆ ಅಂಗೈ ಊರಿ ಮುಷ್ಟಿ ಕಟ್ಟಿದರು. ಹೊಗೆ ಬೆರಳ ಸಂದಿಯಿಂದ ಎದ್ದಿತು. ಅವರ ಮುಖ ಕದಲಲಿಲ್ಲ. ಅವ್ವನ ತೋಳು ಹಿಡಿದು ಹಿಂದಕ್ಕೆ ನಡೆಸುತ್ತ, ನನ್ನ ಕಡೆ ನೋಡದೆ ಹೇಳಿದರು: “ಬಾಯಾರ, ಕಟ್ಟಿ ಮ್ಯಾಲಿನ ಬಟನ್ ಬಂದ್ ಮಾಡ್ರಿ. ಕ್ಲಿಪ್ಪಿಗೆ ಕೈ ಹಚ್ಚಬ್ಯಾಡ್ರಿ.”

ನಾನು ಅದನ್ನು ಕೇಳಿದೆ. ಇವತ್ತಿಗೂ ಪ್ರತಿ ಅಕ್ಷರ ಕೇಳಿಸುತ್ತದೆ. ಆದರೆ ಕಟ್ಟೆ ಹತ್ತು ಹೆಜ್ಜೆ ಆಚೆ, ಕಾಕಾನ ಹಿಂದೆ ಒಳಗೆ ಬಂದು ಕಾರಿನ ಬದಿಗೆ ನಿಂತಿದ್ದ ನನಗೆ ಕ್ಲಿಪ್ಪು ಒಂದು ಕೈಯಳತೆ. ದೀಪ ಆರಿದೆ, ಶೆಟರು ಎತ್ತಿದೆ, ಇನ್ನೇನು ಎಂದುಕೊಂಡಿತು ಕೈ. ಬಂದ್ ಮಾಡುವುದೆಂದರೆ ತೆಗೆಯುವುದೇ ತಾನೆ ಎಂದುಕೊಂಡಿತು. ಕೆಂಪು ಕ್ಲಿಪ್ಪನ್ನು ಕಿತ್ತೆ.

ಸಾಸಿವೆಯಷ್ಟು ನೀಲಿ ಕಿಡಿ. ಅದನ್ನು ನಾನು ನೋಡಿದೆ. ಅದಾದ ಮೇಲೆ ಸದ್ದಿಗಿಂತ ಮೊದಲು ಒಂದು ಖಾಲಿ ಜಾಗ ಇದೆ. ಆ ಜಾಗದಲ್ಲಿ ಕಾಕಾ ತಿರುಗುತ್ತಾರೆ, ನನ್ನ ಕೈ ನೋಡುತ್ತಾರೆ, ಅವ್ವನನ್ನು ಗೋಡೆಗೆ ಒತ್ತಿ ಅವಳ ಮೇಲೆ ಬಾಗುತ್ತಾರೆ. ಅಷ್ಟೆಲ್ಲ ಆಗುವಷ್ಟು ಹೊತ್ತು ಅಲ್ಲಿ ಇರಲು ಸಾಧ್ಯವಿಲ್ಲ. ಆದರೂ ದಿನಾ ನೋಡುತ್ತೇನೆ. ಕೆಲವು ದಿನ ಅವರು ಇನ್ನೂ ನಿಧಾನ ತಿರುಗುತ್ತಾರೆ. ಕೆಲವು ದಿನ ನನ್ನ ಕೈ ಕ್ಲಿಪ್ಪಿನ ಹತ್ತಿರ ನಿಂತೇ ಇರುತ್ತದೆ, ಕೀಳುವುದಿಲ್ಲ.

ಬ್ಯಾಟರಿಯ ಮೇಲ್ಭಾಗ ಹಾರಿ ತಗಡಿಗೆ ಬಡಿಯಿತು. ಆಮೇಲೆ ಪೂರಾ ನಿಶ್ಶಬ್ದ. ಅವ್ವನ ಬಾಯಿ ಆಡುತ್ತಿತ್ತು, ದನಿ ಇಲ್ಲ. ಎದ್ದ ಬಾನೆಟ್ಟು ನನ್ನನ್ನು ಮರೆ ಮಾಡಿತ್ತು, ಮಣಿಕಟ್ಟಿಗೆ ನಾಲ್ಕು ಹನಿ ಅಷ್ಟೇ. ಅವ್ವನ ಮೈಮೇಲೆ ಒಂದು ಹನಿಯೂ ಇಲ್ಲ. ಕಾಕಾನ ಬೆನ್ನು, ಕುತ್ತಿಗೆ, ಎಡಗಿವಿ ತೊಯ್ದಿದ್ದವು. ಅವರೇ ಕೈಸನ್ನೆ ಮಾಡಿ ನೀರು ಕೇಳಿದರು. ಪೈಪು ಹಚ್ಚಿ, ಅಂಗಿ ಹರಿದು, ಆಟೋ ಬರುವ ತನಕ ನೀರು ಹಾಕುತ್ತಲೇ ಇದ್ದೆ.

ಓಣಿಯವರು ಕೂಡಿದರು. “ಏನಾತ್ರಿ? ಬಾಂಬೇನು?” ನನ್ನ ಕಿವಿ ಗುಂಯ್‌ಗುಡುತ್ತಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ನೀರು ಸುರಿಯುವ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಮಾಲು ಖರಾಬ ಇತ್ರಿ. ನಾನ ಕೊಟ್ಟಿದ್ದು. ನಂದ ತಪ್ಪು.”

ನಾನು ಬಾಯಿ ಮುಚ್ಚಿದೆ. ಅದೇ ನಾನು ಮಾಡಿದ ಎರಡನೆಯ ಕೆಲಸ, ಮೊದಲನೆಯದಕ್ಕಿಂತ ಕೆಟ್ಟದ್ದು.

ಗಾಯ ಮಾಯಿತು, ಎಡಗಿವಿಗೆ ಕೇಳುವುದು ಮರಳಿ ಬರಲಿಲ್ಲ. ಬ್ಯಾಟರಿಗೆ ಹಿಡಿಯುತ್ತಿದ್ದ ಕಿವಿ ಅದೇ. ಬಲಗಿವಿ ಹಿಡಿದು ಕೇಳುವಾಗ ಅವರ ಮುಖದಲ್ಲಿ ಪರವೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಗೊಂದಲ ಇರುತ್ತಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಬಿತ್ತು. ಖಂಡೇನವಮಿಯ ದಿನ, ಆರತಿಯ ಹೊತ್ತಿಗೇ ಅವರ ಬ್ಯಾಟರಿ ಒಡೆಯಿತಂತೆ ಎಂಬ ಮಾತು ಸೇಡಂ ರಸ್ತೆಯಿಂದ ಸ್ಟೇಶನ್ ಬಜಾರದ ಟ್ಯಾಕ್ಸಿಯವರ ತನಕ ಹೋಯಿತು. ಖರಾಬ ಮಾಲನ್ನು ಜನ ಮರೆಯುತ್ತಿದ್ದರು, ಅಪಶಕುನವನ್ನು ಮರೆಯಲಿಲ್ಲ. ಒಳಕೋಣೆಯ ಪಿಸುಮಾತು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತ ಬಂತು. ಕಡೆಗೆ ಅಲ್ಲಿ ಒಂದೇ ಬ್ಯಾಟರಿ ಕುದಿಯುತ್ತಿತ್ತು. ಆಗಲೂ ಅವರು ಬಾಗಿಲು ತೆರೆದು ಅಷ್ಟೇ ಹೊತ್ತು ನಿಲ್ಲುತ್ತಿದ್ದರು. ಚಹದಂಗಡಿಯವ ಈಗ ಕೂಗುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ ಅಂದೆ, “ಕಾಕಾ, ನಾ ಎಲ್ಲಾರಿಗೂ ಹೇಳ್ತೀನಿ.”

ಬಲಗಿವಿ ನನ್ನ ಕಡೆ ತಿರುಗಿಸಿ ಎರಡು ಸಲ ಹೇಳಿಸಿಕೊಂಡರು. “ಆಸಿಡ್ಡು ಬಿದ್ದಲ್ಲಿ ನೀರು ಬಿಡಬೇಕ್ರಿ, ತಿಕ್ಕಬಾರದು,” ಎಂದರು. “ತಿಕ್ಕಿದ್ರ ಒಳಗ ಇಳೀತದ. ಎ.ಸಿ. ಬಂದ್ ಮಾಡೀರೇನು?”

ನಾನು ಅದನ್ನು ಯಾರಿಗೂ ಹೇಳದಿರಲು ಅಪ್ಪಣೆ ಎಂದುಕೊಂಡೆ. ಹಾಗಂದುಕೊಳ್ಳುವುದು ಸುಲಭವಿತ್ತು.

ಹೋದ ಬೇಸಿಗೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದ ಕಾಕಾ ಏಳಲಿಲ್ಲ. ಕಾಲೇಜಿನಿಂದ ನಡೆದುಕೊಂಡೇ ಅವರ ಮನೆಗೆ ಹೋದೆ. ಮೂರನೆಯ ದಿನದ ಕಾರ್ಯ ಮುಗಿದಿತ್ತು. ಕಾಕು, ಅವರ ಹೆಂಡತಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಎದುರು ಕೂತು ಎಲ್ಲ ಹೇಳಿದೆ: ಕ್ಲಿಪ್ಪು ಕಿತ್ತವಳು ನಾನು, ಮಾಲು ಖರಾಬಿರಲಿಲ್ಲ, ಅಂಗಡಿ ಮುಳುಗಿದ್ದು ನನ್ನಿಂದ. ಕಾಕು ತಲೆಯಾಡಿಸಿದರು.

“ನನಗ ಗೊತ್ತದ ತಂಗಿ. ಅವತ್ತ ದವಾಖಾನ್ಯಾಗ ಹೇಳ್ಯಾರ ನನಗ. ನಾ ಜಗಳಾ ಮಾಡಿದ್ದೆ. ಯಾಕ ನೀವು ಮೈಮ್ಯಾಲ ಹಾಕೋತೀರಿ ಅಂದೆ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಅದಕ್ಕ ಅಂದ್ರು, ಬಾಯಾರು ಹುಡುಗ್ರಿಗೆ ಇದನ್ನ ಕಲಸೋರು. ನಾಳಿ ಹುಡುಗ್ರು ಅವರ ಮಾತಿಗೆ ನಕ್ಕಬಿಟ್ರ, ಯಾವದರ ಒಂದು ಹುಡುಗ ಬ್ಯಾಟರಿ ಮುಂದ ಕಡ್ಡಿ ಗೀರ್ತದ. ನನ್ನ ಅಂಗಡಿ ಏನು, ಹ್ಯಾಂಗರ ನಡೀತದ ಅಂದ್ರು.” ಕಂಬ ಬಿಟ್ಟು ನೆಟ್ಟಗೆ ಕೂತು ಅಂದರು, “ನಡೀಲಿಲ್ಲ.”

ಆ ಸಂಜೆ ಅವ್ವನಿಗೆ ಹೇಳಿದೆ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಗಲ್ಲಿಗೆ ಹೋಗಿ ಚಹದಂಗಡಿಯವನಿಗೂ ಹೇಳಿದೆ. ಲೋಟ ತೊಳೆಯುವುದು ನಿಲ್ಲಿಸಿ ಪೂರಾ ಕೇಳಿದ. “ಈಗ್ಯಾಕ ಹೇಳಾಕತ್ತೀರಿ ಮೇಡಂ?” ಎಂದ. ಚಹಾ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಈ ವರ್ಷ ಹೈಡ್ರೋಜನ್ ಪಾಠ ಬಂದಾಗ ಪ್ರಯೋಗಾಲಯದಲ್ಲಿ ಮೊದಲು ಪುಸ್ತಕ ಮುಚ್ಚಿ ಈ ಕಥೆ ಹೇಳಿದೆ. ಒಬ್ಬ ಬ್ಯಾಟರಿಯವರಿದ್ದರು, ಅವರು ಬೇಡವೆಂದದ್ದನ್ನು ನಾನು ಮಾಡಿದೆ, ತಪ್ಪನ್ನು ಅವರು ಹೊತ್ತರು ಎಂದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು.

“ನಿಮಗ ಎಲ್ಲಾ ಗೊತ್ತಿದ್ದೂ ಹಂಗ ಮಾಡೀರಿ ಅಂದ್ರ, ನಾವು ನಿಮ್ಮ ಮಾತು ಹ್ಯಾಂಗ ನಂಬಬೇಕ್ರಿ ಮೇಡಂ?”

ಯಾರೋ ಕಿಸಕ್ಕೆಂದರು. ಕಾಕಾ ಹೆದರಿದ್ದ ನಗು ಅದೇ. ಹೈಡ್ರೋಜನ್ ಹೊತ್ತಿಸಿ ತೋರಿಸಲು ಕೈಯಲ್ಲಿ ಹಿಡಿದಿದ್ದ ಕಡ್ಡಿಪೆಟ್ಟಿಗೆಯನ್ನು ನಾನು ಮೇಜಿನ ಮೇಲಿಟ್ಟೆ.

“ನಂಬಬ್ಯಾಡ,” ಎಂದೆ. “ಮೊದಲ ಕಿಟಕಿ ತಗಿ.”

ಅವಳು ಹೋಗಿ ತೆಗೆದಳು. ಪಕ್ಕದಲ್ಲಿ ಕೂತವಳು ಎದ್ದು ಇನ್ನೊಂದು ತೆಗೆದಳು. ಆಮೇಲೆ ಯಾರೂ ಹೇಳದೆಯೇ ಉಳಿದವನ್ನೂ ತೆಗೆದರು. ನಕ್ಕ ಹುಡುಗ ಬಾಗಿಲು ತೆಗೆದು, ಅದಕ್ಕೆ ಇಟ್ಟಿಗೆ ಕೊಟ್ಟು ಬಂದು ಕೂತ. ನಾವೆಲ್ಲ ಕಾಯುತ್ತ ಕೂತೆವು.